ನೆಲ ಮುಟ್ಟದ ಚೆಂಡು

ಡ್ರಮ್ಮಣ್ಣ ಆ ಸುಳ್ಳು ಹೇಳಿದ್ದು ಭಾನುವಾರ ಮಧ್ಯಾಹ್ನ ಮಲಗುವ ಸಲುವಾಗಿ. ಬೇರೆ ಯಾವ ದುರುದ್ದೇಶವೂ ಅವನಿಗೆ ಇರಲಿಲ್ಲ.

ವಾಷಿಂಗ್ ಮಷೀನ್ ರಿಪೇರಿ ಅವನ ಕಸುಬು. ಹತ್ತೊಂಬತ್ತು ವರ್ಷಗಳಿಂದ ಕಂಡವರ ಮಷೀನಿನ ಡ್ರಮ್ಮಿನೊಳಗೆ ತಲೆ ತೂರಿಸಿಕೊಂಡೇ ಬದುಕಿದ್ದರಿಂದ, ಹೆತ್ತವರು ಇಟ್ಟ ಹೆಸರು ಯಾರ ನಾಲಿಗೆಯ ಮೇಲೂ ಉಳಿದಿರಲಿಲ್ಲ. ಬೀದಿಗೆಲ್ಲ ಅವನು ಡ್ರಮ್ಮಣ್ಣ. ವಾರಕ್ಕೆ ಆರು ದಿನ ಯಾರ್ಯಾರದೋ ಬಚ್ಚಲಲ್ಲಿ ಬೋರಲು ಮಲಗಿ, ನೀರು ಹೋಗುವ ಕೊಳವೆಯಿಂದ ಕಾಲುಚೀಲ, ಗುಂಡಿ, ಹೇರ್‌ಪಿನ್ನು, ಒಮ್ಮೆ ಒಬ್ಬ ಯಜಮಾನರ ಮೇಲುದವಡೆಯ ಹಲ್ಲಿನ ಸೆಟ್ಟು, ಹೀಗೆ ಏನೇನೋ ಎಳೆದು ತೆಗೆಯುತ್ತಿದ್ದ. ಏಳನೆಯ ದಿನ ಅವನಿಗೆ ಬೇಕಾದದ್ದು ಎರಡು ತಾಸಿನ ನಿದ್ದೆ. ಅಷ್ಟೇ.

ಆದರೆ ಭಾನುವಾರ ಭಾವನ ದಿನ. ಭಾವ ಎಂದರೆ ಹೆಂಡತಿಯ ಅಣ್ಣ, ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಅವರ ಮನೆಯಲ್ಲಿ ಆಳೆತ್ತರದ ಒಂದು ಕಬ್ಬಿಣದ ಬೀರು ಇತ್ತು. ಆ ಬೀರುವಿಗೆ ಪ್ರತಿ ಭಾನುವಾರ ಹೊಸ ಜಾಗ ಹೊಳೆಯುತ್ತಿತ್ತು. ಹೊಳೆಯುತ್ತಿದ್ದದ್ದು ಭಾವನಿಗೆ, ಹೊರುತ್ತಿದ್ದದ್ದು ಡ್ರಮ್ಮಣ್ಣ.

ಆ ಭಾನುವಾರ ಅವನು ತನ್ನ ರಿಪೇರಿ ಅಂಗಡಿಯ ಎದುರಿನ ಕ್ಷೌರದಂಗಡಿಯಲ್ಲಿ ಅರ್ಧ ತಲೆ ಕತ್ತರಿಸಿಕೊಂಡು ಕೂತಿದ್ದಾಗ ಫೋನ್ ಬಂತು.

“ಏನಯ್ಯಾ, ಊಟ ಮುಗಿಸಿ ಬಂದುಬಿಡು. ಬೀರು ಕಿಟಕಿ ಹತ್ತಿರ ಲಕ್ಷಣವಾಗಿ ಕಾಣುತ್ತೆ ಅಂತ ನಮ್ಮನೆಯವಳು ಹೇಳ್ತಿದಾಳೆ.”

“ಹೋದ ತಿಂಗಳು ಕಿಟಕಿ ಹತ್ತಿರಾನೇ ಇತ್ತಲ್ಲ ಭಾವ?”

“ಅದು ಬೇರೆ ಕಿಟಕಿ ಕಣಯ್ಯಾ.”

ಡ್ರಮ್ಮಣ್ಣ ಕಣ್ಣೆತ್ತಿದ. ಕನ್ನಡಿಯ ಪಕ್ಕದ ಗೋಡೆಗೆ ಯಾರೋ ಒಂದು ಭಿತ್ತಿಪತ್ರ ಅಂಟಿಸಿ ಹೋಗಿದ್ದರು. ‘ಯಂತ್ರಮಾನವ ಸ್ಪರ್ಧೆ. ದೊಡ್ಡ ಚೆಂಡನ್ನು ಅಡ್ಡಗೋಲಿನ ಮೇಲಿಂದ ಆಚೆ ಎಸೆಯಬಲ್ಲ ಯಂತ್ರ ತಯಾರಿಸಿ. ಸಾರ್ವಜನಿಕರಿಗೂ ಅವಕಾಶ ಉಂಟು.’ ಅವನ ಬಾಯಿ ಅವನ ಅಪ್ಪಣೆ ಕೇಳಲಿಲ್ಲ.

“ಇವತ್ತು ಆಗಲ್ಲ ಭಾವ. ರೋಬೋಟ್ ಮಾಡ್ತಾ ಇದೀನಿ.”

“ಏನು ಮಾಡ್ತಾ ಇದೀಯ?”

“ರೋಬೋಟು. ಸ್ಪರ್ಧೆಗೆ. ಚೆಂಡು ಎಸೆಯುತ್ತೆ.”

“ಯಾರ ಮೇಲೆ?”

“ಕೋಲಿನ ಮೇಲೆ.”

ಫೋನ್ ಇಟ್ಟಾಗ ಕ್ಷೌರದವನ ಕತ್ತರಿ ಗಾಳಿಯಲ್ಲಿ ನಿಂತಿತ್ತು. ಆ ಕತ್ತರಿ ನಿಂತದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಸಾವಿನ ಸುದ್ದಿ ಕೇಳುವಾಗಲೂ ಅದು ಕಚಕಚ ಎನ್ನುತ್ತಲೇ ಇರುತ್ತಿತ್ತು. “ರೋಬೋಟಾ?” ಎಂದ ಕ್ಷೌರದವ, ಗುಟ್ಟು ಕೇಳಿದವರ ದನಿಯಲ್ಲಿ. ಡ್ರಮ್ಮಣ್ಣ ತಲೆ ಅಲ್ಲಾಡಿಸಿದ. ಅದು ಹೌದೋ ಅಲ್ಲವೋ ಎಂದು ತಿಳಿಯದ ಹಾಗೆ ಅಲ್ಲಾಡಿಸಿದ್ದ. ಕ್ಷೌರದವ ಹೌದು ಎಂದು ತಿಳಿದ.

ಆ ಮಧ್ಯಾಹ್ನ ಡ್ರಮ್ಮಣ್ಣ ಎರಡು ತಾಸು ಹತ್ತು ನಿಮಿಷ ಮಲಗಿದ. ಎಚ್ಚರವಾದಾಗ ಹೆಂಡತಿ ಚಹಾ ಲೋಟ ಹಿಡಿದು ಮಂಚದ ಪಕ್ಕ ನಿಂತಿದ್ದಳು.

“ರೋಬೋಟ್ ಮಾಡ್ತಿದೀರಂತೆ.”

“ಯಾರು ಹೇಳಿದ್ದು?”

“ಅಣ್ಣ ಮೂರು ಸಲ ಫೋನ್ ಮಾಡಿದ್ದ. ಕ್ಷೌರದವರು ಬಂದು ಹೋದ್ರು. ಈಗ ಮುಖ ತೊಳ್ಕೊಂಡು ಬನ್ನಿ, ಹೆಡ್ ಮಿಸ್ ಬಂದು ಅರ್ಧ ಗಂಟೆಯಿಂದ ಹೊರಗಡೆ ಕೂತಿದಾರೆ.”

ಡ್ರಮ್ಮಣ್ಣನಿಗೆ ನಿದ್ದೆಯ ಅಮಲು ಒಂದೇ ಏಟಿಗೆ ಇಳಿಯಿತು. ಹೆಡ್ ಮಿಸ್ ಮೇಲಿನ ಮಹಡಿಯವರು, ನಿವೃತ್ತ ಮುಖ್ಯೋಪಾಧ್ಯಾಯಿನಿ. ಶಾಲೆ ಅವರನ್ನು ಬಿಟ್ಟು ಎಂಟು ವರ್ಷವಾಗಿತ್ತು, ಅವರು ಶಾಲೆಯನ್ನು ಬಿಟ್ಟಿರಲಿಲ್ಲ. ಕಟ್ಟಡದ ಹನ್ನೆರಡು ಮನೆಗಳವರೂ ಅವರ ಕಣ್ಣಿಗೆ ಬೇರೆ ಬೇರೆ ತರಗತಿಯ ಮಕ್ಕಳು. ಸಾಲದ್ದಕ್ಕೆ, ಆ ಸ್ಪರ್ಧೆಯ ಕಾರ್ಯದರ್ಶಿಯೂ ಅವರೇ ಎಂಬುದು ಡ್ರಮ್ಮಣ್ಣನಿಗೆ ಆಗ ಗೊತ್ತಾಯಿತು.

“ಎಷ್ಟು ಮುಚ್ಚಿಟ್ಟಿದೀಯಪ್ಪಾ!” ಎಂದರು ಮಿಸ್. “ಸಾರ್ವಜನಿಕ ವಿಭಾಗಕ್ಕೆ ಬಂದಿರೋದು ಒಂದೇ ಅರ್ಜಿ, ಬಿಸ್ಕತ್ ಕಾರ್ಖಾನೆಯವರದು. ಇನ್ನೊಂದು ಬರದಿದ್ರೆ ವಿಭಾಗಾನೇ ರದ್ದು ಮಾಡ್ತೀವಿ ಅಂತ ಕೂತಿದ್ರು. ಸಹಿ ಹಾಕು.”

“ಮಿಸ್, ಅದು ಇನ್ನೂ ಪೂರ್ತಿ ಆಗಿಲ್ಲ...”

“ಎಷ್ಟು ಆಗಿದೆ?”

“ಸ್ವಲ್ಪ.”

“ಸ್ವಲ್ಪ ಆಗಿದ್ರೆ ಪೂರ್ತಿ ಆಗುತ್ತೆ. ಇಲ್ಲಿ, ಈ ಗೆರೆ ಮೇಲೆ. ಅಕ್ಷರ ದುಂಡಗಿರಲಿ.”

ಮರುದಿನದಿಂದ ಬೀದಿಯ ನಡವಳಿಕೆಯೇ ಬೇರೆಯಾಯಿತು. ಹತ್ತೊಂಬತ್ತು ವರ್ಷದಲ್ಲಿ ಸಾವಿರ ಮಷೀನು ಸರಿಮಾಡಿದವನನ್ನು ‘ಏ ಡ್ರಮ್ಮಣ್ಣ’ ಎನ್ನುತ್ತಿದ್ದ ಜನ, ಇನ್ನೂ ಹುಟ್ಟದ ಒಂದು ರೋಬೋಟಿನ ದೆಸೆಯಿಂದ ‘ಸಾರ್’ ಎನ್ನತೊಡಗಿದರು. ಹದಿನೈದು ದಿನದಿಂದ ವಾಷಿಂಗ್ ಮಷೀನು ವಾಪಸಾಗದೆ ಜಗಳಕ್ಕೆಂದೇ ಬಂದ ದರ್ಜಿ, ಅಂಗಡಿಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, “ನಂದೇನೂ ಅವಸರ ಇಲ್ಲ ಸಾರ್. ಮೊದಲು ಅದು ಮುಗೀಲಿ” ಎಂದು ಪಿಸುಗುಟ್ಟಿ ಹೋದ. ಕ್ಷೌರದವ ತನ್ನ ಗಿರಾಕಿಗಳನ್ನು ಕುರ್ಚಿಯ ಸಮೇತ ಈ ಕಡೆ ತಿರುಗಿಸಿ ಕೂರಿಸತೊಡಗಿದ. ಗಡ್ಡಕ್ಕೆ ನೊರೆ ಬಳಿದುಕೊಂಡ ಮುಖಗಳು ಇಡೀ ದಿನ ಡ್ರಮ್ಮಣ್ಣನ ಅಂಗಡಿಯನ್ನೇ ನೋಡುತ್ತಿದ್ದವು.

ಗುರುವಾರ ಸ್ಪರ್ಧೆಯ ಗುಮಾಸ್ತ ಬಂದ. ತೆಳ್ಳಗಿನ, ಜ್ವರದಿಂದ ಎದ್ದವನಂಥ ಆಸಾಮಿ. ಅವನ ಕೈಯಲ್ಲಿದ್ದ ನಮೂನೆಯನ್ನು ಬೇರೆ ಯಾವುದೋ ಕೆಲಸದ ಅರ್ಜಿಯಿಂದ ನಕಲು ಮಾಡಿದ್ದರು.

“ಯಂತ್ರಮಾನವನ ವಯಸ್ಸು?”

“ಇನ್ನೂ ಆಗಿಲ್ಲ ಸಾರ್.”

“ಸೊನ್ನೆ. ತಂದೆ?”

“ರೋಬೋಟಿಗೆ ತಂದೆನಾ ಸಾರ್?”

“ಮಾಡ್ತಿರೋದು ಯಾರು? ನೀವು ತಾನೇ? ಹಾಗಾದ್ರೆ ನಿಮ್ಮ ಹೆಸರೇ ಹಾಕ್ತೀನಿ. ಖಾಲಿ ಬಿಟ್ರೆ ಮೇಲಿನವರು ವಾಪಸ್ ಕಳಿಸ್ತಾರೆ. ವಿವಾಹಿತ, ಅವಿವಾಹಿತ?”

“ಸಾರ್, ಅದು ಮಷೀನು.”

“ಅವಿವಾಹಿತ,” ಎಂದು ಗುಮಾಸ್ತ ಬೇಸರದಿಂದ ಬರೆದುಕೊಂಡ. “ಎಲ್ಲಿದೆ, ತೋರಿಸಿ.”

ಡ್ರಮ್ಮಣ್ಣ ಮೂಲೆಯಲ್ಲಿದ್ದ ದರ್ಜಿಯ ಮಷೀನಿನ ಮೇಲೆ ಮುಚ್ಚಿದ್ದ ಗೋಣಿಚೀಲ ತೋರಿಸಿದ. ಗುಮಾಸ್ತ ಗೋಣಿಚೀಲವನ್ನು ಎತ್ತಿ ನೋಡಲಿಲ್ಲ. ಸಂಬಳ ಬಂದಷ್ಟಕ್ಕೆ ಕೆಲಸ ಮಾಡುವ ಅವನ ಆ ಒಂದು ಗುಣ ಅಂದು ಡ್ರಮ್ಮಣ್ಣನ ಮಾನ ಉಳಿಸಿತು.

ಅಂದು ಸಂಜೆ ಅವನು ಹೆಂಡತಿಯ ಮುಂದೆ ಸತ್ಯ ಹೇಳಲು ನಿರ್ಧರಿಸಿದ. ಅವಳು ನೆಲದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು.

“ನೋಡು, ಆ ರೋಬೋಟ್ ವಿಷಯ... ರೋಬೋಟ್ ಇಲ್ಲ.”

“ಗೊತ್ತು.”

“ಏನು ಗೊತ್ತು?”

“ಅವತ್ತೇ ಗೊತ್ತಿತ್ತು. ಮಲಗೋಕೆ ಹೇಳಿದ ಸುಳ್ಳು ಅಂತ ನಿಮ್ಮ ಗೊರಕೆ ಕೇಳಿದ್ರೆ ಗೊತ್ತಾಗಲ್ವಾ?”

“ಮತ್ತೆ ಹೆಡ್ ಮಿಸ್ ಬಂದಾಗ ಯಾಕೆ ಸುಮ್ಮನಿದ್ದೆ?”

ಹೆಂಡತಿ ಒಂದು ಅಂಗಿಯ ತೋಳುಗಳನ್ನು ಹಿಂದಕ್ಕೆ ಮಡಿಸಿದಳು. “ಅಣ್ಣನ ಮನೆಗೆ ಹೋದ್ರೆ ನೀವು ಬೀರು ಹೊರ್ತೀರಿ. ನಾನು ಅತ್ತಿಗೆ ಜೊತೆ ಕೂತು, ಅದು ಎಲ್ಲಿಟ್ರೆ ಚೆನ್ನಾಗಿ ಕಾಣುತ್ತೆ ಅಂತ ಮಾತಾಡ್ಬೇಕು. ಹನ್ನೊಂದು ವರ್ಷದಿಂದ. ನೀವು ಹೊರೋದೇ ವಾಸಿ.” ಆಮೇಲೆ ಅವಳು ತಲೆಯೆತ್ತಿ, ಕೊಂಚ ಬೇರೆ ದನಿಯಲ್ಲಿ, “ಮೊನ್ನೆ ಅಣ್ಣ ಆಫೀಸಲ್ಲಿ ಎಲ್ಲರಿಗೂ ನಿಮ್ಮ ವಿಷಯ ಹೇಳಿದ್ನಂತೆ. ನಮ್ಮ ಮದುವೆ ಆದಾಗಿನಿಂದ ಅವನು ನಿಮ್ಮನ್ನ ‘ಬಟ್ಟೆ ಒಗೆಯೋ ಕಂಪನಿಯವನು’ ಅಂತಲೇ ಹೇಳ್ತಿದ್ದ. ಒಂದು ಮಾಡೇ ಬಿಡಿ ಅತ್ಲಾಗೆ. ನಿಮ್ಮ ಕೈಯಲ್ಲಿ ಆಗದ್ದೇನಿದೆ?” ಎಂದಳು.

ಬೈದಿದ್ದರೆ ಡ್ರಮ್ಮಣ್ಣ ಹೇಗೋ ತಪ್ಪಿಸಿಕೊಳ್ಳುತ್ತಿದ್ದ. ನಂಬಿದ್ದಕ್ಕೆ ಅವನ ಹತ್ತಿರ ಉಪಾಯವಿರಲಿಲ್ಲ. ಹೀಗೆ, ಊರಿಗೆಲ್ಲ ಗೊತ್ತಾಗಿ ನಾಲ್ಕು ದಿನದ ನಂತರ, ಅವನು ರೋಬೋಟ್ ಮಾಡಲು ಕೂತ.

ಚೆಂಡು ಮಾತ್ರ ಕೂಡಲೇ ಸಿಕ್ಕಿತು. ಸೊಂಟನೋವಿಗೆಂದು ಡಾಕ್ಟರು ಹೆಡ್ ಮಿಸ್‌ಗೆ ಒಂದು ದೊಡ್ಡ ವ್ಯಾಯಾಮದ ಚೆಂಡು ಬರೆದುಕೊಟ್ಟಿದ್ದರು. ಅದರ ಮೇಲೆ ಕೂತರೆ ಮಂಡಿಯೆತ್ತರ ಬರುವ ನೀಲಿ ಚೆಂಡು. ಸ್ಪರ್ಧೆಯದೂ ಅದೇ ಅಳತೆ. “ಹುಷಾರಾಗಿ ನೋಡ್ಕೋ. ಇದಿಲ್ಲದಿದ್ರೆ ಬೆಳಿಗ್ಗೆ ನನಗೆ ಏಳೋಕಾಗಲ್ಲ” ಎಂದು ಅದನ್ನು ಮೆಟ್ಟಿಲ ಮೇಲಿಂದ ಉರುಳಿಸಿ ಕಳಿಸಿದರು.

ಡ್ರಮ್ಮಣ್ಣನ ಮೊದಲ ಯೋಚನೆ ಸರಳವಾಗಿತ್ತು. ಎರಡು ಮೋಟಾರು, ಎರಡು ರಬ್ಬರ್ ಚಕ್ರ. ಚಕ್ರಗಳು ಎದುರು ಬದುರಾಗಿ ತಿರುಗಬೇಕು, ನಡುವೆ ಚೆಂಡು ಇಟ್ಟರೆ ಅವು ಅದನ್ನು ಸೆಳೆದುಕೊಂಡು ಆಚೆ ಚಿಮ್ಮಬೇಕು. ಶನಿವಾರ ಬೆಳಿಗ್ಗೆ ಅಂಗಡಿಯ ಮುಂದೆ ಪರೀಕ್ಷೆ ನಡೆಯಿತು. ಚಕ್ರಗಳು ಸೆಳೆದುಕೊಂಡವು. ಚಿಮ್ಮುವುದನ್ನು ಮರೆತವು. ಚೆಂಡು ಹಿಂಡಿದ ಬಟ್ಟೆಯ ಹಾಗೆ ಉದ್ದವಾಯಿತು, ಕೀಚೆಂದಿತು, ಮತ್ತೆ ಬೀದಿಯೇ ಬೆಚ್ಚುವಂತೆ ಢಮಾರ್ ಎಂದಿತು. ಎದುರಿನ ಕ್ಷೌರದಂಗಡಿಯಲ್ಲಿ ಕೂತಿದ್ದ ಒಬ್ಬ ಗಿರಾಕಿಯ ಮೀಸೆಯ ಎಡಭಾಗ ಆ ಸದ್ದಿಗೆ ಹೋಯಿತು. ಆತ ಬಲಭಾಗವನ್ನೂ ತೆಗೆಸಿ, ಮನೆಯವರಿಗೆ ಏನು ಹೇಳಲಿ ಎಂದು ಗೊಣಗುತ್ತ ಹೋದ.

ಹೆಡ್ ಮಿಸ್ ಚಿಂದಿಯಾದ ನೀಲಿ ರಬ್ಬರನ್ನು ಬೆರಳತುದಿಯಲ್ಲಿ ಎತ್ತಿ ನೋಡಿದರು. “ಪರವಾಗಿಲ್ಲ. ವಿಜ್ಞಾನ” ಎಂದರು. ಅವರು ಅದನ್ನು ಹೇಳಿದ ರೀತಿಗೆ ಡ್ರಮ್ಮಣ್ಣ ಬೆಂಚಿನ ಮೇಲೆ ನಿಂತುಬಿಡಬೇಕೇ ಎಂದು ಯೋಚಿಸಿದ. ಮರುದಿನದಿಂದ ಪ್ರತಿ ಬೆಳಿಗ್ಗೆ ಏಳು ಗಂಟೆಗೆ ಮೇಲಿನ ಮಹಡಿಯಿಂದ “ಅಯ್ಯೋ, ಅಮ್ಮಾ” ಎಂಬ ದನಿ ಕೇಳಿಸುತ್ತಿತ್ತು. ಅದು ಕೇಳಿದೊಡನೆ ಡ್ರಮ್ಮಣ್ಣ ಎದ್ದು ಅಂಗಡಿಗೆ ಹೋಗುತ್ತಿದ್ದ.

ಎರಡನೆಯ ಯಂತ್ರವನ್ನು ಅವನು ತನಗೆ ಗೊತ್ತಿದ್ದ ವಸ್ತುಗಳಿಂದಲೇ ಕಟ್ಟಿದ. ಒಂದು ಉದ್ದನೆಯ ಕಬ್ಬಿಣದ ತೋಳು. ತುದಿಯಲ್ಲಿ ಅರ್ಧಕ್ಕೆ ಕೊಯ್ದ ಸ್ಟೀಲ್ ಡ್ರಮ್ಮು, ಅದರ ಮೇಲೆ ಅವನು ಕೊಂಡು ತಂದ ಹೊಸ ಚೆಂಡು ಲೋಟದ ಮೇಲಿಟ್ಟ ಮೊಟ್ಟೆಯ ಹಾಗೆ ಕೂರುತ್ತಿತ್ತು. ತೋಳನ್ನು ಮೇಲಕ್ಕೆ ಚಿಮ್ಮಲು, ಮಷೀನಿನೊಳಗೆ ಡ್ರಮ್ಮನ್ನು ತೂಗುಹಾಕುವ ನಾಲ್ಕು ಸ್ಪ್ರಿಂಗು. ಕೆಳಕ್ಕೆ ಎಳೆಯಲು ಬೆಲ್ಟು, ಮೋಟಾರು. ಎಳೆದ ತೋಳನ್ನು ಹಿಡಿದಿಡಲು, ಮುಂದೆ ಬಾಗಿಲಿರುವ ಮಷೀನಿನ ಬಾಗಿಲು ಬೀಗ. ಆ ಬೀಗ ಎಂಥದ್ದೆಂದು ಆಫೀಸಿಗೆ ಹೊತ್ತಾಗಿ ಮಷೀನಿನ ಮುಂದೆ ನಿಂತವರಿಗೆಲ್ಲ ಗೊತ್ತು. ಕರೆಂಟು ನಿಂತರೂ ಎರಡು ನಿಮಿಷ ಅದು ಬಾಯಿ ಬಿಡುವುದಿಲ್ಲ. ಬೈದರೂ ಇಲ್ಲ, ಒದ್ದರೂ ಇಲ್ಲ.

ಇನ್ನು ಮಿದುಳು. ಗುಂಡಿ ಒತ್ತಿದ ಮೇಲೆ ಯಂತ್ರ ತಾನೇ ಎಲ್ಲವನ್ನೂ ಮಾಡಬೇಕು, ಯಾರೂ ಮುಟ್ಟಬಾರದು ಎಂಬುದು ನಿಯಮ. ಡ್ರಮ್ಮಣ್ಣ ಒಂದು ಹಳೇ ಮಷೀನಿನ ತಿರುಗುವ ಟೈಮರನ್ನೇ ಕಿತ್ತು ಕೂರಿಸಿದ. ಅದು ಕೆಲಸ ಮಾಡಿತು. ಆದರೆ ಒಂದು ಹಳೇ ಚಾಳಿ ಅದನ್ನು ಬಿಡಲಿಲ್ಲ.

ಎರಡನೆಯ ತಪಾಸಣೆಗೆ ಬಂದ ಗುಮಾಸ್ತ ತೋಳು ಎಡಕ್ಕೂ ಬಲಕ್ಕೂ ಹೊಯ್ದಾಡುವುದನ್ನು ನೋಡುತ್ತ ನಿಂತ. “ಇದು ಯಾಕೆ ಹೀಗೆ ಅಲ್ಲಾಡ್ತಿದೆ?”

“ಒಗೀತಿದೆ ಸಾರ್.”

“ಏನನ್ನ?”

“ಏನೂ ಇಲ್ಲ. ಅಭ್ಯಾಸ.”

ಅರ್ಧ ನಿಮಿಷ ಒಗೆತ, ಇಪ್ಪತ್ತು ಸೆಕೆಂಡು ಎಳೆತ, ಎರಡು ನಿಮಿಷ ಬೀಗದ ಹಟ. ಸ್ಪರ್ಧೆಯಲ್ಲಿ ಕೊಡುವ ಸಮಯ ಮೂರು ನಿಮಿಷ. ಹತ್ತು ಸೆಕೆಂಡು ಉಳಿಯುತ್ತಿತ್ತು. ಚೆಂಡು ಮಾತ್ರ ಅಂಗಡಿಯ ಮುಂದೆ ಕಟ್ಟಿದ ಹಗ್ಗವನ್ನು ಒಮ್ಮೆ ಗೇಣಷ್ಟು ಅಂತರದಲ್ಲಿ ದಾಟಿದರೆ, ಇನ್ನೊಮ್ಮೆ ಬೆರಳಷ್ಟು ಕಡಿಮೆಯಾಗಿ ಹಗ್ಗಕ್ಕೆ ತಾಗಿ ಬೀಳುತ್ತಿತ್ತು. ಇದಕ್ಕಿಂತ ಹೆಚ್ಚಿಗೆ ಏನೂ ಮಾಡುವ ಶಕ್ತಿ ಡ್ರಮ್ಮಣ್ಣನಲ್ಲಿ ಉಳಿದಿರಲಿಲ್ಲ. ಅವನ ಕಣ್ಣಿನ ಕೆಳಗೆ ಚೀಲಗಳು ಇಳಿದಿದ್ದವು. ಹೆಂಡತಿ ಅವನ ಕೈಗೆ ಲೋಟ ಕೊಟ್ಟು, ಅವನು ಹಿಡಿದುಕೊಂಡನೆಂದು ಖಾತ್ರಿಯಾದ ಮೇಲೆಯೇ ಬಿಡುತ್ತಿದ್ದಳು.

ಸ್ಪರ್ಧೆಯ ದಿನವೂ ಭಾನುವಾರವೇ ಆಗಿತ್ತು.

ಮೈದಾನದ ಒಂದು ಕಡೆ ಶಾಮಿಯಾನ, ಇನ್ನೊಂದು ಕಡೆ ಗೋಡೆ, ಗೋಡೆಯಾಚೆ ರಸ್ತೆ. ನಡುವೆ ಎರಡು ಕಂಬಗಳ ಮೇಲೆ ಕೆಂಪು ಬಣ್ಣದ ಅಡ್ಡಗೋಲು. ಮುಂದಿನ ಸಾಲಿನಲ್ಲಿ ಭಾವ ತಮ್ಮ ಕಚೇರಿಯ ದೊಡ್ಡ ಸಾಹೇಬರನ್ನೇ ಕರೆತಂದು ಕೂರಿಸಿ, ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. “ನಮ್ಮ ಹುಡುಗ ಸಾರ್. ಸ್ವಂತ ತಂಗಿ ಗಂಡ. ಚಿಕ್ಕಂದಿನಿಂದ ನಾನೇ ತಿದ್ದಿದ್ದು” ಎನ್ನುತ್ತಿದ್ದರು. ಡ್ರಮ್ಮಣ್ಣನಿಗೆ ನಲವತ್ತಾರು ವರ್ಷ.

ಬಿಸ್ಕತ್ ಕಾರ್ಖಾನೆಯ ತಂಡದವರು ಒಂದೇ ಬಣ್ಣದ ಅಂಗಿ ತೊಟ್ಟ ಏಳು ಮಂದಿ. ಅವರ ರೋಬೋಟಿಗೆ ತಲೆಯಿತ್ತು, ಮಿನುಗುವ ಕಣ್ಣಿತ್ತು, ಎದೆಯ ಮೇಲೆ ಬಿಸ್ಕತ್ತಿನ ಚಿತ್ರವಿತ್ತು. ಅದು ಸಭೆಗೆ ಕೈಮುಗಿದು “ಎಲ್ಲರಿಗೂ ನಮಸ್ಕಾರ” ಎಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಮ್ಯಾನೇಜರು ಡ್ರಮ್ಮಣ್ಣನ ಯಂತ್ರದ ಸುತ್ತ ಒಂದು ಸುತ್ತು ಬಂದು ಮೂಗು ಮುರಿದ.

“ಇದಕ್ಕೆ ಮುಖವೇ ಇಲ್ಲ! ಯಂತ್ರಮಾನವ ಅಂದ್ಮೇಲೆ ಮಾನವ ಎಲ್ಲಿ?”

ಹೆಡ್ ಮಿಸ್ ಸೊಂಟ ಹಿಡಿದುಕೊಂಡೇ ಎದ್ದು ಬಂದರು. “ಮಾನವ ಪಕ್ಕದಲ್ಲಿ ನಿಂತಿದಾನೆ, ಕಾಣಲ್ವಾ? ಕೂತ್ಕೋ.” ಮ್ಯಾನೇಜರು ಕೂತ.

ಗುಮಾಸ್ತ ಮೈಕಿನಲ್ಲಿ ನಿಯಮ ಓದಿದ. “ಚೆಂಡು ಅಡ್ಡಗೋಲಿನ ಮೇಲಿಂದ ದಾಟಿ ನೆಲ ಮುಟ್ಟತಕ್ಕದ್ದು. ನೆಲ ಮುಟ್ಟಿದ ಮೇಲೆ ಅಂಕ. ನೆಲ ಮುಟ್ಟುವ ಮುಂಚೆ ಸ್ಪರ್ಧಿಯು ಚೆಂಡನ್ನು ಮುಟ್ಟಿದಲ್ಲಿ ಅನರ್ಹ.”

ಬಿಸ್ಕತ್ತಿನ ರೋಬೋಟು ಕಣ್ಣು ಮಿಟುಕಿಸಿತು, ಸೊಂಟ ತಿರುಗಿಸಿತು, ಭರ್ಜರಿಯಾಗಿ ಎಸೆಯಿತು. ಚೆಂಡು ಕೋಲಿಗೆ ನೇರವಾಗಿ ಬಡಿದು, ಅಲ್ಲೇ ಈಚೆ ಕಡೆಗೆ ಧಪ್ಪೆಂದು ಬಿತ್ತು. ರೋಬೋಟು “ಧನ್ಯವಾದಗಳು” ಎಂದಿತು. ಕೋಲು ದಾಟಿದರೆ ಸಾಕು, ಗೆಲುವು ಡ್ರಮ್ಮಣ್ಣನದು. ಅವನ ಹೆಂಡತಿ ಸೆರಗಿನ ತುದಿಯನ್ನು ಹಗ್ಗದ ಹಾಗೆ ಹೊಸೆಯುತ್ತಿದ್ದಳು.

ಡ್ರಮ್ಮಣ್ಣ ಗುಂಡಿ ಒತ್ತಿದ. ಯಂತ್ರ ಒಗೆಯತೊಡಗಿತು. ಶಾಮಿಯಾನದಲ್ಲಿ ನಗು ಎದ್ದಿತು. ಅರ್ಧ ನಿಮಿಷದ ನಂತರ ಮೋಟಾರು ತೋಳನ್ನು ಎಳೆಯತೊಡಗಿತು, ಆದರೆ ಎಂದಿನ ಸದ್ದಲ್ಲ, ಭಾರ ಹೊತ್ತವನ ನರಳಾಟ. ತೋಳು ಬೀಗಕ್ಕೆ ಸಿಕ್ಕಿ ಠಕ್ಕೆಂದಿತು. ಇನ್ನು ಎರಡು ನಿಮಿಷ.

ಆಗ ಭಾವ ಅವನ ಕಿವಿಯ ಹತ್ತಿರ ಬಂದರು. “ಹೆದರಬೇಡ ಕಣಯ್ಯಾ. ನೀನು ಚಹಾ ಕುಡಿಯೋಕೆ ಹೋದಾಗ ನಾನು ಸರಿಮಾಡಿದೀನಿ.”

“ಏನು ಸರಿಮಾಡಿದ್ರಿ ಭಾವ?”

“ನಿನ್ನ ಡಬ್ಬದಲ್ಲಿ ಇನ್ನೂ ನಾಲ್ಕು ಸ್ಪ್ರಿಂಗ್ ಸುಮ್ಮನೆ ಬಿದ್ದಿದ್ವು. ಅವನ್ನೂ ಸಿಕ್ಕಿಸಿದೆ. ಸಾಹೇಬರು ಬಂದಿದಾರೆ ನೋಡು.”

ಡ್ರಮ್ಮಣ್ಣ ಲೆಕ್ಕ ಹಾಕಿದ, ನಾಲ್ಕು ಸ್ಪ್ರಿಂಗು ಈಗ ಎಂಟು. ಮುಟ್ಟುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ. “ಹಿಂದೆ ಸರಿದು ನಿಂತ್ಕೊಳ್ಳಿ” ಎಂದು ಹೆಂಡತಿಗೆ ಹೇಳಿದ. ಅವನು ಹೆಂಡತಿಯನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವಳು ಹತ್ತು ಹೆಜ್ಜೆ ಹಿಂದೆ ಹೋದಳು.

“ಏನೂ ಆಗ್ತಿಲ್ವಲ್ಲ?” ಎಂದು ಮೈಕಿನಲ್ಲಿ ಗುಮಾಸ್ತ ಕೇಳಿದ. ಯಾರೋ ಆಕಳಿಸಿದರು. ಸಾಹೇಬರು ಗಡಿಯಾರ ನೋಡಿಕೊಂಡರು. ಬಿಸ್ಕತ್ ಮ್ಯಾನೇಜರು ತನ್ನವರ ಕೈಕುಲುಕತೊಡಗಿದ. ಆರನೆಯವನ ಕೈ ಹಿಡಿದಿದ್ದಾಗ ಬೀಗ ಬಾಯಿಬಿಟ್ಟಿತು.

ಚೆಂಡು ಹೋದದ್ದನ್ನು ಕಂಡವರು ಕಡಿಮೆ. ಅಡ್ಡಗೋಲನ್ನು ಅದು ದಾಟಿತು ಎನ್ನುವುದು ಮರ್ಯಾದೆಯ ಮಾತು. ಅದಕ್ಕೆ ಕೋಲಿನ ಕಡೆ ಲಕ್ಷ್ಯವೇ ಇರಲಿಲ್ಲ. ಕಂಬ ದಾಟಿ, ದೀಪದ ಕಂಬ ದಾಟಿ, ಗೋಡೆ ದಾಟಿ ಕಣ್ಮರೆಯಾಯಿತು. ಇಡೀ ಮೈದಾನ ಕಿವಿ ನಿಮಿರಿಸಿ, ಅದು ಆಚೆ ಬೀಳುವ ಸದ್ದಿಗೆ ಕಾಯಿತು. ಸದ್ದು ಬರಲಿಲ್ಲ. ಒಂದು ಲಾರಿ ಗೇರು ಬದಲಿಸಿ ದೂರ ಹೋಗುವ ಸದ್ದು ಮಾತ್ರ ಕೇಳಿಸಿತು.

ಗೋಡೆ ಹತ್ತಿ ನೋಡಿದವರು ಕೂಗಿದರು: “ಕಸದ ಲಾರಿಗೆ ಬಿತ್ತು! ಲಾರಿ ಹೋಯ್ತು!”

“ಗೆದ್ದ!” ಎಂದು ಹೆಡ್ ಮಿಸ್ ಕೈಯೆತ್ತಿದರು.

“ಎಲ್ಲಿ ಗೆದ್ದ?” ಬಿಸ್ಕತ್ ಮ್ಯಾನೇಜರು ಹಾರಿ ಬಂದ. “ನೆಲ ಮುಟ್ಟಿತಾ? ಲಾರಿ ನೆಲವಾ?”

ಎಲ್ಲರೂ ಮುಖ್ಯ ತೀರ್ಪುಗಾರರ ಕಡೆ ತಿರುಗಿದರು. ಅವರು ಇಂಜಿನಿಯರಿಂಗ್ ಪ್ರೊಫೆಸರು, ಮೂವತ್ತು ವರ್ಷ ಪಾಠ ಮಾಡಿದವರು, ಪ್ರಶ್ನೆಗೆ ಪ್ರಶ್ನೆಪತ್ರಿಕೆಯಲ್ಲಿ ಬರೆದಷ್ಟೇ ಅರ್ಥ ಎಂದು ನಂಬಿದವರು. ನಿಯಮದ ಪುಸ್ತಕವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. “ನಿಯಮದ ಪ್ರಕಾರ, ಚೆಂಡು ಇನ್ನೂ ಗಾಳಿಯಲ್ಲಿದೆ.”

ಭಾವನ ಸಾಹೇಬರಿಗೆ ನೈರ್ಮಲ್ಯ ವಿಭಾಗದ ಮೇಲಧಿಕಾರಿ ಪರಿಚಯ. ಅವರಿಗೆ ಫೋನು ಹೋಯಿತು, ಅವರಿಂದ ಮೇಲ್ವಿಚಾರಕನಿಗೆ, ಮೇಲ್ವಿಚಾರಕನಿಂದ ಡ್ರೈವರನ ನಂಬರು ಬಂತು. ಗುಮಾಸ್ತ ಫೋನನ್ನು ಮೈಕಿಗೆ ಹಿಡಿದ.

“ಹಲೋ, ಯಾರು?”

“ಲಾರಿಯಲ್ಲಿ ಒಂದು ಚೆಂಡಿದೆಯಾ ನೋಡಿ!”

ಗಾಡಿ ನಿಲ್ಲುವ ಸದ್ದು, ಬಾಗಿಲು ತೆಗೆಯುವ ಸದ್ದು. “ಇದೆ ಸಾರ್. ನೀಲಿದು. ಮೇಲುಗಡೆ ಕೂತಿದೆ.”

“ಕೆಳಗೆ ಎಸೀರಿ!” ಎಂದು ಭಾವ.

“ಎಸೀಬೇಡಿ!” ಎಂದು ಮ್ಯಾನೇಜರು. “ಮನುಷ್ಯ ಎಸೆದ್ರೆ ಅದು ರೋಬೋಟ್ ಎಸೆದ ಹಾಗಾಗುತ್ತಾ?”

“ತೀರ್ಪುಗಾರರ ಸಮಕ್ಷಮದಲ್ಲಿ ಆಗಬೇಕು,” ಎಂದರು ಪ್ರೊಫೆಸರು.

“ಸಾರ್, ಎಸೀಲಾ, ಬೇಡ್ವಾ? ನನಗೆ ಇನ್ನೂ ಎರಡು ಬೀದಿ ಬಾಕಿ ಇದೆ,” ಎಂದಿತು ಮೈಕು.

“ಹಾಗೇ ವಾಪಸ್ ತಗೊಂಡು ಬನ್ನಿ!”

ಕಾಲು ಗಂಟೆಯಲ್ಲಿ ಲಾರಿ ಮೈದಾನದೊಳಗೆ ಬಂತು. ಅದರ ಮುಂದೆಯೇ ಅದರ ವಾಸನೆ ಬಂತು. ಸಾಹೇಬರು ಕರವಸ್ತ್ರ ತೆಗೆದರು, ಮುಂದಿನ ಸಾಲು ಮೂರನೆಯ ಸಾಲಾಯಿತು. ಡ್ರೈವರು ಹಿಂದೆ ಹತ್ತಿ ಚೆಂಡನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಬಂದು ನಿಂತ. ವಯಸ್ಸಾದ ಆಸಾಮಿ. ಬೆಳಗಿನ ಜಾವದಿಂದ ದುಡಿದ ಅಂಗಿ. ಚೆಂಡಿಗೆಲ್ಲ ಏನೋ ಲೋಳೆ ಮೆತ್ತಿಕೊಂಡು, ಅದು ಕೈಯಿಂದ ಜಾರುತ್ತಿತ್ತು. ಅವನು ಅದನ್ನು ಎದೆಗೆ ಒತ್ತಿ ಹಿಡಿದಿದ್ದ.

“ಎಲ್ಲಿ ಇಡಲಿ ಸಾರ್?”

“ಇಡಬೇಡಿ!” ಎಂದು ಏಳು ಬಿಸ್ಕತ್ ಅಂಗಿಗಳು ಕೂಗಿದವು.

“ಬಿಡಿ, ತಾನಾಗಿ ಬೀಳಲಿ!” ಎಂದು ಭಾವ ಕೂಗಿದರು.

“ತಾನಾಗಿ ಬೀಳೋದು ಅಂದ್ರೇನು ಅಂತ ಮೊದಲು ತೀರ್ಮಾನ ಆಗಲಿ,” ಎಂದು ಪ್ರೊಫೆಸರು ಪುಸ್ತಕ ತೆರೆದರು. ಹೆಡ್ ಮಿಸ್ ಒಂದು ಕಡೆ, ಮ್ಯಾನೇಜರು ಇನ್ನೊಂದು ಕಡೆ ಪುಸ್ತಕಕ್ಕೆ ಬಗ್ಗಿದರು. ವಾದ ಶುರುವಾಯಿತು. ಗಾಳಿಯಿಂದ ಬಿದ್ದರೆ ಸಹಜವೇ, ಕೈ ಸೋತು ಬಿದ್ದರೆ ಸಹಜವೇ, ಡ್ರೈವರು ಸಾರ್ವಜನಿಕನೇ ಅಥವಾ ವಾಹನದ ಭಾಗವೇ. ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಡ್ರೈವರನ ತೋಳುಗಳಿಂದ ಚೆಂಡು ಕೆಳಕ್ಕೆ ಜಾರತೊಡಗಿತು. ಅವನು ಮೊಣಕಾಲೆತ್ತಿ ಚೆಂಡಿಗೆ ಆಸರೆ ಕೊಟ್ಟು, ಒಂಟಿಕಾಲಿನ ಮೇಲೆ ನಿಂತು, ಯಾರ ಕಡೆ ನೋಡಬೇಕೆಂದು ತಿಳಿಯದೆ ಎಲ್ಲರ ಕಡೆ ನೋಡುತ್ತಿದ್ದ. ಅವನ ಹತ್ತಿರ ಯಾರೂ ಹೋಗಲಿಲ್ಲ. ಎಲ್ಲರೂ ಒಳ್ಳೆ ಬಟ್ಟೆ ಹಾಕಿಕೊಂಡು ಬಂದಿದ್ದರು.

ಡ್ರಮ್ಮಣ್ಣ ತನ್ನ ಯಂತ್ರದ ಪಕ್ಕದ ಕುರ್ಚಿಯಿಂದ ಎದ್ದ. ಹೆಂಡತಿಯ ಕಡೆ ನೋಡಿದ. ಅವಳು ಡ್ರೈವರನ ಕಾಲು ನೋಡುತ್ತಿದ್ದಳು, ಆಮೇಲೆ ಗಂಡನ ಕಡೆ ತಿರುಗಿ ಸುಮ್ಮನೆ ತಲೆದೂಗಿದಳು. ಅವನು ಮೈದಾನ ದಾಟಿ ಹೋಗಿ ಎರಡೂ ಕೈ ಚಾಚಿದ.

“ಕೊಡಿ ಅಣ್ಣಾ, ಇಲ್ಲಿ. ಎಷ್ಟು ಹೊತ್ತು ಹಿಡ್ಕೊಂಡಿರ್ತೀರಿ?”

ಡ್ರೈವರು ಕೊಟ್ಟ. ಡ್ರಮ್ಮಣ್ಣ ತಗೊಂಡ. ಗುಮಾಸ್ತ ಸೀಟಿ ಊದಿದ.

“ಅನರ್ಹ!” ಪ್ರೊಫೆಸರು ಪುಸ್ತಕ ಮುಚ್ಚಿದರು. ತಾನಾಗಿಯೇ ಉತ್ತರ ಬಂದುಬಿಟ್ಟ ಲೆಕ್ಕವನ್ನು ಕಂಡವರ ನೆಮ್ಮದಿ ಅವರ ಮುಖದಲ್ಲಿತ್ತು. ಮೊದಲ ಬಹುಮಾನ ಬಿಸ್ಕತ್ ಕಾರ್ಖಾನೆಗೆ ಹೋಯಿತು. ಅವರ ಚೆಂಡು ಕೋಲನ್ನು ದಾಟಿರಲಿಲ್ಲ, ನಿಜ. ಆದರೆ ನೆಲವನ್ನಂತೂ ಮುಟ್ಟಿತ್ತು.

“ಏನು ಮಾಡಿಬಿಟ್ಟೆಯಯ್ಯಾ!” ಭಾವ ತಲೆ ಮೇಲೆ ಕೈ ಹೊತ್ತು ಕೂತರು. “ಇನ್ನೈದು ನಿಮಿಷ ಸುಮ್ಮನಿರೋಕೆ ಆಗ್ತಿರಲಿಲ್ವಾ?”

“ಅವರ ಕೈ ನೋಯ್ತಿತ್ತು ಭಾವ.”

ಭಾವ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸಾಹೇಬರು ಕರವಸ್ತ್ರದ ಹಿಂದಿನಿಂದಲೇ ಡ್ರಮ್ಮಣ್ಣನಿಗೆ ಕೈಮುಗಿದದ್ದು ಕಂಡು ಮುಚ್ಚಿಕೊಂಡರು. ಹೆಡ್ ಮಿಸ್ ಮಾತ್ರ ಹತ್ತಿರ ಬಂದು, “ಆ ಚೆಂಡು ತೊಳೆದು ನನಗೆ ಕೊಟ್ಬಿಡು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಯಂತ್ರವನ್ನು ತಂದಿದ್ದ ಟೆಂಪೋದವನು ಬಹುಮಾನ ಹಂಚುವವರೆಗೂ ಕಾಯದೆ ಹೊರಟುಹೋಗಿದ್ದ. ಲಾರಿ ಡ್ರೈವರು ತಾನೇ ಕೇಳಿದ: “ಯಾವ ಕಡೆ ಹೋಗ್ಬೇಕು ಸಾರ್? ಬಾಕಿ ಬೀದಿ ಆ ಕಡೇನೇ. ಹತ್ತಿ.” ನಾಲ್ಕು ಜನ ಸೇರಿ ಯಂತ್ರವನ್ನು ಹಿಂದೆ ಏರಿಸಿದರು. ಮುಂದೆ ಡ್ರೈವರು, ನಡುವೆ ಹೆಂಡತಿ, ಕಿಟಕಿಯ ಪಕ್ಕ ಡ್ರಮ್ಮಣ್ಣ, ಅವನ ತೊಡೆಯ ಮೇಲೆ ಚೆಂಡು. ಅದರ ಆಚೆಗೆ ಅವನಿಗೆ ರಸ್ತೆ ಕಾಣುತ್ತಿರಲಿಲ್ಲ.

ಲಾರಿ ಗೇಟು ದಾಟಿದ ಮೇಲೆ ಡ್ರೈವರು ಮೆಲ್ಲಗೆ ಕೇಳಿದ. “ನನ್ನಿಂದ ಏನಾದ್ರೂ ತಪ್ಪಾಯ್ತಾ ಸಾರ್?”

“ಏನಿಲ್ಲ ಅಣ್ಣಾ. ಮುಗೀತಲ್ಲ.”

“ಏನು ಪಂದ್ಯ ಅದು?”

“ಚೆಂಡು ಎಸೆಯೋದು,” ಎಂದಳು ಹೆಂಡತಿ. “ಇವರು ಮಾಡಿದ ಮಷೀನು. ಮೋಟಾರು, ಸ್ಪ್ರಿಂಗು, ಎಲ್ಲ ಇವರೇ. ನಿಮಗೆ ಚೆಂಡು ಇದೆ ಅಂತ ಗೊತ್ತಾದಾಗ ಎಲ್ಲಿದ್ರಿ?”

“ಸೇತುವೆ ದಾಟಿದ್ದೆ ಕಣಮ್ಮಾ.” ಡ್ರೈವರು ಮೀಟರಿನ ಕಡೆ ಬಗ್ಗಿ ನೋಡಿದ. “ನಾಲ್ಕೂವರೆ ಕಿಲೋಮೀಟರು.”

“ವಾಪಸ್ ಬಂದಿದ್ದು?”

“ಅದೂ ನಾಲ್ಕೂವರೆ.”

ಹೆಂಡತಿ ಪರ್ಸಿನಿಂದ ಫೋನ್ ತೆಗೆದಳು. ಅವಳು ಮಾಡುತ್ತಿರುವುದು ಕ್ಷೌರದಂಗಡಿಯ ನಂಬರಿಗೆ ಎಂಬುದನ್ನು ಡ್ರಮ್ಮಣ್ಣ ಚೆಂಡಿನ ಪಕ್ಕದಿಂದ ಕತ್ತು ಹೊರಳಿಸಿ ನೋಡಿದ. ಆ ಕಡೆ ಯಾರೋ ಎತ್ತಿಕೊಂಡರು.

“ಚೆಂಡು ಒಂಬತ್ತು ಕಿಲೋಮೀಟರು ಹೋಯ್ತು ಅನ್ನಬೇಡ,” ಎಂದ ಅವನು, ಸೀಟಿಗೆ ಒರಗುತ್ತ. “ಎರಡು ಅನ್ನು. ಜನ ನಂಬಬೇಕಲ್ಲ.”